ಕಟ್ಲಾ ಏನು ತಿನ್ನುತ್ತೆ?

ಬೆಂಗಳೂರಲ್ಲಿ ಕೆರೆ ಸುದ್ದಿಯಾಗೋದು ಕಣ್ಣಿಗೆ ರಾಚಿದಾಗ ಮಾತ್ರ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು, ಸುದ್ದಿಯಾಯ್ತು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು, ದೇಶವೇ ನೋಡಿತು. ಆದರೆ ಕೆರೆಯ ನಿಜವಾದ ಲೆಕ್ಕ ಇರೋದು ಸುದ್ದಿಯಾಗದ ಪ್ಲಾಂಕ್ಟನ್‌ಗಳಲ್ಲಿ.

ಹೆಸರು ಕೇಳಿ ಗಾಬರಿಯಾಗಬೇಡಿ. ನೀರಿಗೆ ಹಸಿರು ಬಣ್ಣ ಕೊಡೋ ಸೂಕ್ಷ್ಮ ಪಾಚಿ, ಅದನ್ನು ಮೇಯೋ ಚಿಗಟದಂಥ ಸಣ್ಣ ಜೀವಿಗಳು, ಎಲ್ಲಾ ಸೇರಿ ಪ್ಲಾಂಕ್ಟನ್. ನೀರು ಎತ್ತ ಒಯ್ದರೆ ಅತ್ತ ತೇಲೋ ಬದುಕು. ನಾವು ಭಾನುವಾರ ಸಾರು ಮಾಡೋ ಕಟ್ಲಾ ಮೀನಿಗೆ ಇವೇ ಮುಖ್ಯ ಊಟ.

ಈ ಊಟಕ್ಕೆ ಲೋಹ ಸೇರೋದು ಹೇಗೆ? ಹಳೇ ಬ್ಯಾಟರಿಯಿಂದ ಸೀಸ, ಮೆರುಗು ಹಾಕೋ ಘಟಕಗಳಿಂದ ಕ್ರೋಮಿಯಂ, ನಿಕ್ಕಲ್. ಇಂದಿರಾನಗರದ 100 ಅಡಿ ರಸ್ತೆಯ ಟ್ರಾಫಿಕ್‌ನಲ್ಲಿ ನಾವು ಒತ್ತೋ ಬ್ರೇಕ್ ಸವೆದು ಉದುರೋ ಪುಡಿಯಲ್ಲೂ ತಾಮ್ರ ಇರುತ್ತೆ. ಮಳೆ ಬಂದರೆ ಎಲ್ಲಾ ರಾಜಕಾಲುವೆಗೆ. ಕೊಳಚೆ ಕೊಳೆಯುತ್ತೆ, ಕರಗುತ್ತೆ. ಸೀಸ ಸೀಸವಾಗೇ ಉಳಿಯುತ್ತೆ. ಲೋಹಕ್ಕೆ ಡಿಲೀಟ್ ಇಲ್ಲ, ಮೂವ್ ಮಾತ್ರ.

ತಾಮ್ರ ಚೂರೇ ಚೂರು ಇದ್ದರೆ ಪಾಚಿಗೆ ಬೇಕು, ಹೆಚ್ಚಾದರೆ ವಿಷ. ಪಾಚಿ ಸಾಯಿಸೋಕೆ ಮೈಲುತುತ್ತ ಹಾಕೋದು ಅದಕ್ಕೇ. ಲೋಹ ಹೆಚ್ಚಾದ ಕೆರೆಯೂ ಹಸಿರಾಗೇ ಕಾಣಬಹುದು. ಆದರೆ ನಾಜೂಕಿನ ಜೀವಿಗಳು ಹೋಗಿ ತಡೆದುಕೊಳ್ಳೋವು ಮಾತ್ರ ಉಳಿದಿರುತ್ತವೆ. ಅವು ಮೈಗೆ ಅಂಟಿಸಿಕೊಂಡ ಲೋಹ ಮೀನಿನ ಹೊಟ್ಟೆ ಸೇರುತ್ತೆ.

ಹಲಸೂರಿನ ಕೋಡಿ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತೆ. ಆ ನದಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಹೋಗಿ, ಕೊನೆಗೆ ಕಡಲೂರಿನ ಹತ್ತಿರ ಬಂಗಾಳಕೊಲ್ಲಿಗೆ ಬೀಳುತ್ತೆ. ಸಿಹಿನೀರು ಉಪ್ಪುನೀರು ಸೇರೋ ಅಳಿವೆಯಲ್ಲಿ ನುಣುಪು ಮಣ್ಣು ಒಟ್ಟಾಗಿ ತಳಕ್ಕೆ ಇಳಿಯುತ್ತೆ, ಅದಕ್ಕೆ ಅಂಟಿದ ಲೋಹವೂ ಅಲ್ಲೇ ಕೂರುತ್ತೆ. ಸಮುದ್ರ ನಮ್ಮಿಂದ ದೂರ ಅಂದುಕೊಂಡಿದ್ದೀವಿ, ಅಷ್ಟೇ.

ನಮ್ಮೂರಿಗೆ ಈ ನೀರು ಇನ್ನೂ ಹತ್ತಿರ. ನಮ್ಮದು ಕೋಲಾರ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಅಲ್ಲಿನ ಕೆರೆಗಳಿಗೆ ಬಿಡ್ತಾರೆ. ಒಣಗಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಾಗ ಅಪ್ಪನ ಮುಖ ನೋಡಬೇಕಿತ್ತು. ಆ ಖುಷಿಗೆ ಕಲ್ಲು ಹಾಕೋ ಮನಸ್ಸು ನನಗಿಲ್ಲ. ಆದರೆ ಆ ಶುದ್ಧೀಕರಣ ರೂಪಿಸಿರೋದು ಮುಖ್ಯವಾಗಿ ಕೊಳೆಯೋ ಕಲ್ಮಶಕ್ಕೆ. ಲೋಹದ ಒಂದಷ್ಟು ಪಾಲು ಘಟಕದ ಕೆಸರಿಗೆ ಇಳಿಯುತ್ತೆ, ಮಿಕ್ಕಿದ್ದು ನೀರಿನ ಜೊತೆ ಹೊರಡುತ್ತೆ.

ಮೊನ್ನೆ ಅಪ್ಪ ಫೋನಲ್ಲಿ ಕೇಳಿದರು: "ಕೆರ‍್ಯಾಗೆ ಮೀನು ಚೆನ್ನಾಗಿ ಬಂದೈತೆ, ತಿನ್ನಬೋದೇನಪ್ಪಾ?"

ಇದಕ್ಕೆ ಒಂದು ಬಾಟಲಿ ನೀರು ಉತ್ತರ ಕೊಡಲ್ಲ. ಅದು ಆ ದಿನದ ಮಾತನ್ನಷ್ಟೇ ಹೇಳುತ್ತೆ. ವರ್ಷಗಳ ಲೆಕ್ಕ ಇರೋದು ತಳದ ಹೂಳಲ್ಲಿ, ಪ್ಲಾಂಕ್ಟನ್‌ನಲ್ಲಿ, ಕಟ್ಲಾದ ಮೈಯಲ್ಲಿ. ಪ್ರತಿ ಕೆರೆಯಲ್ಲೂ ಈ ಮೂರನ್ನೂ ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಫ್ಲಶ್ ಮಾಡೋರು ನಾವು. ಹಾಗಾಗಿ ಇದನ್ನು ಮೊದಲು ಕೇಳಬೇಕಾದೋರೂ ನಾವೇ.