ಕರಪೀಠಕ್ಕೆ ಮರಳಿದ ಕೈ

ಹನ್ನೆರಡನೆಯ ಶತಮಾನದ ಶರಣರು ದೇಹವನ್ನು ಹೇಯವೆಂದು ತಳ್ಳಿದವರಲ್ಲ. ಬಸವಣ್ಣನವರು ತಮ್ಮ ಅವಯವಗಳಲ್ಲಿಯೇ ಶಿವಾಲಯವನ್ನು ಕಂಡರು. ಅದೇ ವಚನದ ಕೊನೆಯಲ್ಲಿ ಸ್ಥಾವರ ಜಂಗಮಗಳ ಭೇದವನ್ನು ತೋರಿದರು. ಅಲ್ಲಿಯ ಜಂಗಮವೆಂದರೆ ಚೈತನ್ಯವೇ ಹೊರತು ಕೈಕಾಲು ಆಡಿಸುವುದಲ್ಲ. ಅದನ್ನು ಕೇವಲ ಆರೋಗ್ಯಪಾಠಕ್ಕೆ ಇಳಿಸುವುದು ವಚನಕ್ಕೆ ಮಾಡುವ ಅನ್ಯಾಯ. ಆದರೂ ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ಭಕ್ತನಿಗೆ ಅಂಗದ ಪಾಲನೆ ಪೂಜೆಯ ಹೊರಗಿನ ವಿಷಯವಾಗಲಾರದು. ಎಡಗೈಯ ಅಂಗೈಯೇ ಕರಪೀಠ. ಆ ಅಂಗೈ ಮೇಲ್ಮುಖವಾಗದಿದ್ದರೆ?

ಬಂಗಾರಪೇಟೆಯ ಹಿರಿಯ ಭಕ್ತರೊಬ್ಬರಿಗೆ ಎದುರಾದ ಸಂಕಟ ಇದೇ. ಅವರು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಮೀರಿದ ಆಳದ ಆ ಗಣಿಯ ಸೆಕೆಯಲ್ಲಿ ಪಾಳಿ ಮುಗಿಸಿ ಮೇಲೆ ಬಂದು, ಸಂಜೆ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದವರು. 2001ರಲ್ಲಿ ಗಣಿ ಮುಚ್ಚಿತು. ಸಾವಿರಾರು ಮಂದಿಯಂತೆ ಅವರೂ ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹಿಡಿಯತೊಡಗಿದರು, ಆಟ ನಿಂತಿತು. ಇಳಿವಯಸ್ಸಿನಲ್ಲಿ, ಒಂದು ಮಳೆಗಾಲದ ಮುಂಜಾನೆ, ಮನೆಯಂಗಳದಲ್ಲಿ ಜಾರಿ ಬಿದ್ದಾಗ ಎಡಗೈಯ ಮಣಿಕಟ್ಟು ಮುರಿಯಿತು.

ಆರು ವಾರ ಪ್ಲಾಸ್ಟರ್. ಬೆರಳುಗಳನ್ನು ಮೊದಲ ದಿನದಿಂದಲೇ ಮಡಿಸಿ ಬಿಡಿಸುತ್ತಿರಬೇಕೆಂದು ವೈದ್ಯರು ಹೇಳಿದ್ದರೂ, ಅಲುಗಿಸಿದರೆ ಮೂಳೆ ಕೂಡದೆಂಬ ಅಂಜಿಕೆಯಿಂದ ಮನೆಯವರು ತಡೆದರು. ಪ್ಲಾಸ್ಟರ್ ತೆಗೆದಾಗ ಮೂಳೆಯೇನೋ ಕೂಡಿತ್ತು, ಕೈ ಕೊರಡಾಗಿತ್ತು. ಅಂಗೈ ನೆಲವನ್ನೇ ನೋಡುತ್ತಿತ್ತು. ಲಿಂಗವನ್ನಿರಿಸಿದರೆ ಜಾರುತ್ತಿತ್ತು. ಐವತ್ತು ವರ್ಷಗಳಿಂದ ತಪ್ಪದ ಲಿಂಗಪೂಜೆ ಬಲಗೈಗೆ ಸರಿಯಿತು. ಮನಸ್ಸು ಮಾತ್ರ ಅಲ್ಲಿ ನೆಲೆಗೊಳ್ಳಲಿಲ್ಲ. ಶಿವನಿಚ್ಛೆ ಇಷ್ಟೆಂದು ಅವರು ಮೌನವಾದರು. ಶಿವನಿಚ್ಛೆಯೆಂಬ ಮಾತು ಎಷ್ಟೋ ಬಾರಿ ನಮ್ಮ ಆಲಸ್ಯಕ್ಕೆ ಹೊದಿಸಿದ ಕಾವಿಬಟ್ಟೆ. ಅವರ ವಿಷಯದಲ್ಲಿ ಅದು ಆಲಸ್ಯವಲ್ಲ, ಭಯ.

ವ್ಯಾಯಾಮ ಚಿಕಿತ್ಸೆ ನೀಡುವ ತರುಣಿ ಕೇಳಿದ್ದು ಒಂದೇ ಪ್ರಶ್ನೆ: “ತಾತಾ, ಮನೇಲಿ ಸುತ್ತಿಗೆ ಇದೆಯಾ?”

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅಂಗೈ ಹೊರಳುವಾಗ ಒಂದು ಮೂಳೆ ಮತ್ತೊಂದರ ಸುತ್ತ ತಿರುಗುತ್ತದೆ. ಕೀಲಿನ ಸುತ್ತಲಿನ ಪೊರೆ ಬಿಗಿದರೆ ಆ ತಿರುಗುವಿಕೆ ಕುಂದುತ್ತದೆ. ಮೊಣಕೈಯನ್ನು ಪಕ್ಕೆಗೊತ್ತಿ ಮಡಿಸಿ, ಹಗುರವಾದ ಸುತ್ತಿಗೆಯನ್ನು ಹಿಡಿದು ನಿಧಾನವಾಗಿ ಹೊರಳಿಸಿದರೆ ಅದರ ತಲೆಯ ಭಾರವೇ ಕೈಯನ್ನು ಎಳೆಯುತ್ತದೆ. ಮೊದಲು ತಲೆಯ ಸಮೀಪ ಹಿಡಿಯಬೇಕು. ಬಲ ಬಂದಂತೆ ಹಿಡಿತ ಹಿಡಿಕೆಯ ತುದಿಗೆ ಸರಿಯಬೇಕು. ಸುತ್ತಿಗೆಯೆಂದರೆ ಗಣಿಯವರಿಗೆ ಹೇಳಿಕೊಡಬೇಕೆ! ಅಂದಿನಿಂದ ದಿನಕ್ಕೆ ಮೂರು ಬಾರಿ, ಬೆಚ್ಚನೆಯ ನೀರಿನಲ್ಲಿ ಕೈಯನ್ನು ಅದ್ದಿದ ಮೇಲೆ, ಅದೇ ಕಾಯಕ. ಕೊಂಚ ನೋವು ಸಹಜ. ಬೆರಳು ಜೋಮು ಹಿಡಿದರೆ, ಊತ ಏರಿದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕೆಂಬ ಎಚ್ಚರಿಕೆಯನ್ನೂ ಅವಳು ಕೊಟ್ಟಿದ್ದಳು.

ನಾಲ್ಕನೆಯ ತಿಂಗಳಲ್ಲಿ ಅಂಗೈ, ಪೂರ್ಣವಾಗಿ ಅಲ್ಲದಿದ್ದರೂ, ಲಿಂಗ ನಿಲ್ಲುವಷ್ಟು ಮೇಲಕ್ಕೆ ತಿರುಗಿತು. ಆ ದಿನದ ಪೂಜೆ ಬಹಳ ಹೊತ್ತು ನಡೆಯಿತೆಂದು ಮನೆಯವರು ಹೇಳುತ್ತಾರೆ.

ಮತ್ತೆ ಬೀಳದಿರುವುದೂ ಮುಖ್ಯವಷ್ಟೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆಯಂತಹ ಶ್ರಮವನ್ನೂ, 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಅವರ ನಡಿಗೆಗೆ ಗಣಿಯ ಹಳೆಯ ಜೊತೆಗಾರರೊಬ್ಬರೂ ಸೇರಿದ್ದಾರೆ. ಶಿಲೆಯ ಧೂಳು ಅವರ ಶ್ವಾಸಕೋಶವನ್ನು ಗಟ್ಟಿಗೊಳಿಸಿದೆ. ಆ ಧೂಳನ್ನು ಯಾವ ವ್ಯಾಯಾಮವೂ ಹೊರತೆಗೆಯದು. ವೈದ್ಯರ ಸಲಹೆಯಂತೆ ನಡೆದರೆ ಇರುವ ಉಸಿರಿನಲ್ಲಿ ಇನ್ನಷ್ಟು ದೂರ ಸಾಗಬಹುದು, ಅಷ್ಟೆ. ಇಬ್ಬರೂ ನಿಂತು ನಿಂತು ಮೈದಾನ ತಲುಪುತ್ತಾರೆ. ಅಲ್ಲಿ ಹುಡುಗರು ಚೆಂಡನ್ನು ಇತ್ತ ತಳ್ಳಿದರೆ ಭಕ್ತರು ಕಾಲಿನಿಂದ ಮರಳಿಸುತ್ತಾರೆ. ಗೋಲ್‌ಕೀಪರಾಗಲು ಮಾತ್ರ ಒಪ್ಪುವುದಿಲ್ಲ.