ಹೆಸರಿಲ್ಲದ ಕಲ್ಲು

2016ರಲ್ಲಿ ಬಂದ ಪೋಕೆಮಾನ್ ಗೋ, ಮೊಬೈಲು ಹಿಡಿದು ಊರು ಸುತ್ತುವ ಆಟ. ಅದರ ತಾಣಗಳನ್ನು ಆಡುವವರೇ ಸೂಚಿಸಬಹುದಂತೆ. ವಾಸದ ಮನೆ, ಮಕ್ಕಳ ಶಾಲೆ ಸಲ್ಲವು. ಪಟ, ಹೆಸರು, ವಿವರಣೆ ಬೇಕು.

ಕಿತ್ತೂರಿಗೆ ಕೋಟೆಯಿದೆ, ಬೈಲಹೊಂಗಲಕ್ಕೆ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿ, ಸವದತ್ತಿಗೆ ಎಲ್ಲಮ್ಮನ ಗುಡ್ಡ. ರಾಮದುರ್ಗದ ಕಡೆಯ ನಮ್ಮ ಹಳ್ಳಿಗೇನಿದೆ?

ರಜೆಗೆ ಬಂದಿದ್ದ ಅಣ್ಣನ ಮಗ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲು ತೋರಿಸಿ, “ಕಾಕಾ, ಇದು ಯಾರ್ದು? ಹೆಸರೇನಂತ ಬರೀಲಿ?” ಎಂದ.

ಇಪ್ಪತ್ತು ವರ್ಷ ವೀರಗಲ್ಲುಗಳ ಪಾಠ ಹೇಳಿದವನು ನಾನು. ಹುಡುಗನಿದ್ದಾಗ ಇದೇ ಕಲ್ಲಿಗೊರಗಿ ಗೋಲಿ ಎಣಿಸಿದವನು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ, ಎಲ್ಲ ಬಲ್ಲೆ, ಸತ್ತವನನ್ನು ಅರಿಯೆ.

“ವೀರಗಲ್ಲು ಅಂತಷ್ಟೇ ಬರಿಯಪ್ಪಾ” ಎಂದೆ.

ಸಂಜೆ ಒಬ್ಬನೇ ಹೋಗಿ, ಎಣ್ಣೆಯ ಜಿಡ್ಡು ಒರೆಸಿ, ಅಕ್ಷರವೇನಾದರೂ ಇದೆಯೇ ಎಂದು ಬೆರಳಾಡಿಸಿದೆ.