ಓದುವ ಹಲಗೆ

ಮನೆಗೆ ಬರುವ ಹೊಸ ಸಲಕರಣೆಗಳನ್ನು ಎದುರುಗೊಳ್ಳುವುದರಲ್ಲಿ ನಾನು ಎಂದೂ ಮುಂದಾದವನಲ್ಲ. ಒರಳಿನ ಬದಲು ಮಿಕ್ಸಿ ಬಂದಾಗಲೂ, ಅಂಚೆಯ ಕಾಗದದ ಬದಲು ಮೊಬೈಲ್ ಬಂದಾಗಲೂ ದೂರ ನಿಂತು ನೋಡಿದವನೇ ಹೊರತು ಕೈನೀಡಿ ಕರೆದವನಲ್ಲ. ಬಂದವು, ಉಳಿದವು, ನಾನೂ ಹೊಂದಿಕೊಂಡೆ. ಆದರೆ ಪುಸ್ತಕದ ಮಾತು ಬೇರೆ. ಆದುದರಿಂದ ಮಗಳು ಕಿಂಡಲ್ ಎಂಬ ಇ-ರೀಡರನ್ನು ತಂದು, "ಅಪ್ಪಾ, ಇದರಲ್ಲಿ ಸಾವಿರಾರು ಪುಸ್ತಕ ಹಿಡಿಸುತ್ತೆ" ಎಂದಾಗ, "ಒಂದು ಸಲಕ್ಕೆ ನಾನು ಓದುವುದು ಒಂದನ್ನೇ ಅಲ್ಲವೇನಮ್ಮ?" ಎಂದು ಸುಮ್ಮನಾದೆ. ಮೂರು ತಿಂಗಳ ಕಾಲ ಅದು ಬೀರುವಿನಲ್ಲಿ ಪಂಚಾಂಗದ ಪಕ್ಕದಲ್ಲಿ ಮಲಗಿತ್ತು.

ಅದನ್ನು ಎಬ್ಬಿಸಿದ್ದು ನನ್ನ ಕಣ್ಣು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಓದುವುದು ನನಗೆ ನಲವತ್ತು ವರ್ಷಗಳ ಅಭ್ಯಾಸ. ಅರುವತ್ತೈದು ದಾಟಿದ ಮೇಲೆ ಆ ಒಂದು ಗಂಟೆ ಅರ್ಧ ಗಂಟೆಯಾಯಿತು, ಹತ್ತು ನಿಮಿಷವಾಯಿತು, ಕಡೆಗೆ ನಿಂತೇಹೋಯಿತು. ಕನ್ನಡಕದ ಗಾಜನ್ನು ಎರಡು ಸಲ ಬದಲಿಸಿದರೂ ದೀಪದ ಬೆಳಕಿನಲ್ಲಿ ಸಾಲುಗಳು ಒಂದರೊಳಗೊಂದು ಸೇರುತ್ತಿದ್ದವು. ಅದರಲ್ಲಿಯೂ ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಅವಿತು ಕುಳಿತಿರುತ್ತವೆ. ಹಳೆಯ ಅಚ್ಚಿನಲ್ಲಿ ಯಾವುದು ಯಾವ ಒತ್ತೆಂದು ಊಹಿಸಿಯೇ ಓದಬೇಕು. ಓದು ನಿಂತವನಿಗೆ ರಾತ್ರಿ ಬಹಳ ದೀರ್ಘವೆಂಬುದನ್ನು ಅನುಭವಿಸಿದವರೇ ಬಲ್ಲರು. ಬೇರೆ ಗತಿಯಿಲ್ಲದೆ ಬೀರುವಿನ ಬಾಗಿಲು ತೆರೆದೆ.

ಈ ಹಲಗೆಯ ಹಾಳೆ ಮೊಬೈಲಿನ ಗಾಜಿನಂಥದಲ್ಲ. ಅದರೊಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಕೋಶಗಳಿದ್ದು, ಒಂದೊಂದರಲ್ಲಿಯೂ ಕಪ್ಪು ಮತ್ತು ಬಿಳಿಯ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಮೇಲೆ ಬಂದ ಕಡೆ ಮಸಿ, ಬಿಳಿಯದು ಬಂದ ಕಡೆ ಕಾಗದ. ಒಮ್ಮೆ ಮೂಡಿದ ಪುಟ ಮತ್ತೆ ವಿದ್ಯುತ್ತನ್ನು ಬೇಡದೆ ನಿಲ್ಲುವುದರಿಂದ ಒಂದು ಸಲದ ಚಾರ್ಜು ವಾರಗಟ್ಟಲೆ ಸಾಕು. ಕಾಗದದಂತೆಯೇ ಹೊರಗಿನ ಬೆಳಕಿನಿಂದ ಕಾಣುವುದಾದುದರಿಂದ ಬಿಸಿಲಿನಲ್ಲಿಯೂ ಓದಬಹುದು. ಕತ್ತಲೆಗೆಂದು ಹಾಳೆಯ ಮೇಲೆ ಹಾಯುವ ಸಣ್ಣ ದೀಪಗಳುಂಟು. ಅಮೆರಿಕದ ಎಂ.ಐ.ಟಿ.ಯಲ್ಲಿ ನಡೆದ ಸಂಶೋಧನೆಯಿಂದ ೧೯೯೭ರಲ್ಲಿ ಇ ಇಂಕ್ ಎಂಬ ಸಂಸ್ಥೆ ಹುಟ್ಟಿತು. ೨೦೦೪ರಲ್ಲಿ ಸೋನಿಯವರು ಆ ಹಾಳೆಯ ಓದುಯಂತ್ರವನ್ನು ಜಪಾನಿನಲ್ಲಿ ಮಾರಾಟಕ್ಕೆ ತಂದರು. ಕಿಂಡಲ್ ಹೊರಬಂದದ್ದು ೨೦೦೭ರಲ್ಲಿ.

ಮೊದಲ ರಾತ್ರಿ ನಾನು ತೆರೆದದ್ದು ಡಿಕನ್ಸನ ಪಿಕ್‌ವಿಕ್ ಕಥೆಯನ್ನು. ಅದಕ್ಕೆ ಬೆಲೆ ಕೊಡಬೇಕಾಗಿರಲಿಲ್ಲ. ೧೯೭೧ರಲ್ಲಿ ಮೈಕೇಲ್ ಹಾರ್ಟ್ ಎಂಬಾತ ಆರಂಭಿಸಿದ ಗುಟೆನ್‌ಬರ್ಗ್ ಭಂಡಾರದಲ್ಲಿ ಇಂಥ ಹಳೆಯ ಗ್ರಂಥಗಳು ಧರ್ಮಾರ್ಥವಾಗಿ ದೊರೆಯುತ್ತವೆ. ಅಕ್ಷರವನ್ನು ಮಗಳು ಹಿಗ್ಗಿಸಿ ಕೊಟ್ಟಳು. ಕಾಲೇಜಿನಲ್ಲಿ ಕಂಡಿದ್ದ ಆ ಪುಟ್ಟ ಅಚ್ಚು ಈಗ ಅಂಗಡಿಯ ನಾಮಫಲಕದಂತೆ ಎದುರು ನಿಂತಿತು. ತಿಳಿಯದ ಮಾತಿನ ಮೇಲೆ ಬೆರಳಿಟ್ಟರೆ ನಿಘಂಟು ತಾನೇ ತೆರೆಯಿತು. ಗಂಟೆ ಹನ್ನೊಂದಾದುದು ತಿಳಿಯಲಿಲ್ಲ. "ಇನ್ನೂ ಮಲಗಲಿಲ್ಲವೆ? ದೀಪ ಆರಿಸಿ" ಎಂದು ನನ್ನಾಕೆ ಅಭ್ಯಾಸಬಲದಿಂದ ಕೂಗಿದಳು. "ಆರಿಸಿ ಬಹಳ ಹೊತ್ತಾಯಿತು" ಎಂದೆ. ಕತ್ತಲೆಯಲ್ಲಿ ಅವಳು ನಕ್ಕದ್ದು ಕೇಳಿಸಿತು.

ಹಾಗೆಂದು ನನ್ನ ಆಕ್ಷೇಪಗಳೆಲ್ಲ ಕರಗಿದುವೆಂದಲ್ಲ. ಓದಿ ಮೆಚ್ಚಿದ ಪುಸ್ತಕವನ್ನು ನೆರೆಮನೆಯವರ ಕೈಗೆ ಕೊಡುವ ಸುಖ ಇದರಲ್ಲಿಲ್ಲ. ಕೊಂಡದ್ದು ಪೂರ್ತಿ ನಮ್ಮದೆಂದೂ ಹೇಳಲಾಗದು. ೨೦೦೯ರಲ್ಲಿ ಆರ್ವೆಲನ ಎರಡು ಪುಸ್ತಕಗಳನ್ನು, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣದಿಂದ, ಅಮೆರಿಕದ ಓದುಗರ ಯಂತ್ರಗಳಿಂದ ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿದರು. ನಮ್ಮ ಬೀರುವಿನೊಳಗಿನ ಪುಸ್ತಕಕ್ಕೆ ಆ ಗತಿ ಬರಲಾರದಷ್ಟೆ.

ಇದಕ್ಕಿಂತ ಹೆಚ್ಚಿನ ಕೊರತೆ ಕನ್ನಡದ್ದು. ನಮ್ಮ ಹಳೆಯ ಗ್ರಂಥಗಳಲ್ಲಿ ಸಾವಿರಾರು ಇಂದು ಅಂತರಜಾಲದಲ್ಲಿ ಉಚಿತವಾಗಿ ಸಿಕ್ಕುತ್ತವೆ. ಆದರೆ ಬಹುಪಾಲು ಪುಟದ ಛಾಯಾಚಿತ್ರಗಳು. ಬೆರಳಚ್ಚು ಮಾಡಿದ ಅಕ್ಷರವಾದರೆ ಬೇಕಾದಷ್ಟು ಬೆಳೆದು, ಸಾಲು ತಾನೇ ಮುರಿದು, ಹಲಗೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಚಿತ್ರವಾದರೋ ಸಣ್ಣ ಹಲಗೆಯಲ್ಲಿ ಇನ್ನೂ ಕುಗ್ಗುತ್ತದೆ. ಹಿಗ್ಗಿಸಿದರೆ ಅರ್ಧ ಸಾಲು ಹೊರಗೆ ಜಾರುತ್ತದೆ. ಆದುದರಿಂದ ನನ್ನ ರಾತ್ರಿಗಳು ಬಹುಮಟ್ಟಿಗೆ ಇಂಗ್ಲಿಷಿನವು. ಕನ್ನಡಕ್ಕೆ ಬೆಳಗಿನ ಕಿಟಕಿಯೇ ಗತಿ. ಮಬ್ಬುಗಣ್ಣಿನವನಿಗೆ ಪರಭಾಷೆ ಹತ್ತಿರವಾಗಿ ಮನೆಮಾತು ದೂರವಾಗುವುದು ಸಣ್ಣ ನಷ್ಟವಲ್ಲ. ಕನ್ನಡ ವಿಕಿಸೋರ್ಸಿನಲ್ಲಿ ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಹಳೆಯ ಪುಟಗಳನ್ನು ಒಂದೊಂದಾಗಿ ಅಕ್ಷರಕ್ಕೆ ಇಳಿಸುತ್ತಿದ್ದಾರೆ. ನಾನೂ ಮಗಳಿಂದ ಕನ್ನಡ ಬೆರಳಚ್ಚನ್ನು ಕಲಿಯಲಾರಂಭಿಸಿದ್ದೇನೆ; ದಿನಕ್ಕೆ ಅರ್ಧ ಪುಟವಾದರೂ ಆದೀತು.

ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರೊಬ್ಬರು "ಓದುವುದರಲ್ಲಿ ಈಗ ಆಸಕ್ತಿಯಿಲ್ಲ" ಎಂದರೆ, ಆಸಕ್ತಿ ಹೋಯಿತೋ ಕಣ್ಣು ಸೋತಿತೋ ಎಂದು ಒಮ್ಮೆ ವಿಚಾರಿಸಿ. ಕಣ್ಣಾದರೆ ಮೊದಲು ವೈದ್ಯರಿಗೆ ತೋರಿಸಿ. ಅನಂತರ ಇಂಥದೊಂದು ಹಲಗೆಯನ್ನು ತಂದು, ಸಾವಿರ ಪುಸ್ತಕದ ಮಾತನ್ನು ಬಿಟ್ಟು, ಅವರು ಹಿಂದೆ ಮೆಚ್ಚಿದ ಒಂದೇ ಒಂದನ್ನು ದೊಡ್ಡ ಅಕ್ಷರದಲ್ಲಿ ತೆರೆದು ಕೈಗೆ ಕೊಡಿ.